ಗಿಲಕಿ ಅತ್ತೆಯ ಮರಿಗಳಿಗೆ ಬಂದ ರಕ್ತಭೇದಿ

ಬೀದಿಯವರೆಲ್ಲ ಅವರನ್ನು ಗಿಲಕಿ ಅತ್ತೆ ಎನ್ನುತ್ತಿದ್ದರು. ಜೋಕು ಶುರುಮಾಡುವ ಮೊದಲೇ ತಾವೇ ನಕ್ಕು ನಕ್ಕು, ಹೇಳಬೇಕಾದ್ದನ್ನೇ ಮರೆತುಬಿಡುವ ಹೆಂಗಸು. ಮನೆಯ ಮುಂದಿನ ಕೋಣೆಯಲ್ಲಿ ಸೊಸೆಯ ಬ್ಯೂಟಿ ಪಾರ್ಲರ್. ಅಲ್ಲಿ ಟವೆಲ್ ಒಗೆಯುವುದು, ಕೂದಲು ಗುಡಿಸುವುದು, ಗಿರಾಕಿಗಳನ್ನು ನಗಿಸುವುದು ಅತ್ತೆಯ ಕೆಲಸ. ಒಮ್ಮೆ ತರಕಾರಿಗೆಂದು ಹೋದವರು ಬುಟ್ಟಿ ತುಂಬ ಕೋಳಿಮರಿ ಹೊತ್ತು ತಂದರು.

"ಬದನೆಕಾಯಿ ಎಲ್ಲಿ ಅತ್ತೆ?" ಎಂದಳು ಸೊಸೆ.

"ಅಯ್ಯೋ, ಇವುಗಳ ಮುಖ ನೋಡಿದ್ಮೇಲೆ ಬದನೆಕಾಯಿ ಯಾರಿಗೆ ನೆನಪಿರುತ್ತೆ!"

ಹಿಂದಿನ ಉಗ್ರಾಣವೇ ಮರಿಗಳ ಮನೆಯಾಯಿತು. ನೆಲಕ್ಕೆ ಹೊಟ್ಟು, ಮೇಲೊಂದು ಬಲ್ಬು, ನಡುವೆ ಅಗಲದ ತಟ್ಟೆಯಲ್ಲಿ ನೀರು. ಮರಿಗಳು ತಟ್ಟೆಯೊಳಗೇ ಇಳಿದು ಕುಣಿದು, ಅಲ್ಲೇ ಹಿಕ್ಕೆ ಹಾಕಿ, ಅದೇ ನೀರು ಕುಡಿದರೆ ಅತ್ತೆ "ಈಜು ಕಲೀತಿದಾವೆ!" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಹೊಟ್ಟು ತೊಯ್ದು ನಾತ ಬಂದರೂ ಅವರ ಖುಷಿಗೇನೂ ಕೊರತೆಯಾಗಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಮರಿಗಳೆಲ್ಲ ರೆಕ್ಕೆ ಇಳಿಬಿಟ್ಟು, ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ತೂಕಡಿಸುತ್ತಿದ್ದವು. ಹಿಕ್ಕೆಯಲ್ಲಿ ರಕ್ತ. ಒಂದು ಆಗಲೇ ಸತ್ತಿತ್ತು. ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿ ಸೊಸೆಯನ್ನು ಕೂಗಿದರು. ನಗುವಿಲ್ಲದ ಆ ಕೂಗು ಕೇಳಿದ್ದೇ ಸೊಸೆ ಕೈಯಲ್ಲಿದ್ದ ದಾರ ಬಿಸಾಕಿದಳು. ಒಂದು ಹುಬ್ಬು ಮಾತ್ರ ತೀಡಿಸಿಕೊಂಡಿದ್ದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಅತ್ತೆಯನ್ನೂ ಬುಟ್ಟಿಯನ್ನೂ ಸ್ಕೂಟರಿಗೆ ಹತ್ತಿಸಿಕೊಂಡು ದನದ ಡಾಕ್ಟರಮ್ಮನ ಬಳಿ ಓಡಿದಳು.

ಡಾಕ್ಟರಮ್ಮ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಕಾಕ್ಸಿಡಿಯೋಸಿಸ್. ರಕ್ತಭೇದಿ ಅಂತಾರಲ್ಲ, ಅದೇ. ಕಣ್ಣಿಗೆ ಕಾಣದ ಜೀವಿ ಕರುಳು ಸೇರುತ್ತೆ. ಹಿಕ್ಕೆಯಿಂದ ಒದ್ದೆ ಹೊಟ್ಟಿಗೆ, ಹೊಟ್ಟಿನಿಂದ ಮತ್ತೆ ಮರಿ ಬಾಯಿಗೆ. ಈ ಔಷಧಿ ಕುಡಿಯೋ ನೀರಲ್ಲಿ ಬೆರೆಸಿ. ದಿನಾ ಹೊಸದಾಗಿ ಬೆರೆಸ್ಬೇಕು, ಬೇರೆ ನೀರು ಇಡ್ಬೇಡಿ. ಗೆಲುವಾದ್ವು ಅಂತ ಅರ್ಧಕ್ಕೇ ನಿಲ್ಲಿಸ್ಬೇಡಿ."

"ನೆಲಕ್ಕೆ ಫಿನಾಯಿಲ್ ಸುರೀಲಾ?" ಎಂದರು ಅತ್ತೆ.

"ಅದಕ್ಕೆಲ್ಲ ಇದು ಜಗ್ಗಲ್ಲಮ್ಮ. ಹಳೇ ಹೊಟ್ಟು ಪೂರ್ತಿ ತೆಗೀರಿ, ಕುದಿಯೋ ನೀರು ಹಾಕಿ ಉಜ್ಜಿ, ಚೆನ್ನಾಗಿ ಒಣಗಿಸಿ. ನೀರಿನ ಪಾತ್ರೆ ಮರಿ ಬೆನ್ನಿನೆತ್ತರಕ್ಕಿರ್ಲಿ, ಒಳಗಿಳಿಯೋಕಾಗ್ಬಾರ್ದು. ಜಾಗಾನೂ ಇಕ್ಕಟ್ಟಾಗ್ಬಾರ್ದು."

ಅತ್ತೆ ಸೀರೆ ಎತ್ತಿಕಟ್ಟಿ ಉಗ್ರಾಣ ಉಜ್ಜಿದರು. ಆದರೆ ಅವತ್ತು ಮೋಡ, ನೆಲ ಒಣಗಲೊಲ್ಲದು. ಸೊಸೆ ಪಾರ್ಲರಿನ ಹೇರ್ ಡ್ರೈಯರುಗಳನ್ನು ಹಿಡಿದು ಬಂದಳು. ಇನ್ನೂ ಕಾಯುತ್ತಿದ್ದ ಒಂಟಿ ಹುಬ್ಬಿನ ಗಿರಾಕಿ, "ನನಗೂ ಒಂದು ಕೊಡ್ರೀ!" ಎಂದು ಕೂತಳು. ಮೂವರು ಹೆಂಗಸರು ಮಂಡಿಯೂರಿ ನೆಲಕ್ಕೆ ಬಿಸಿಗಾಳಿ ಬಿಡುವುದನ್ನು ಕಂಡು ಆಗ ತಾನೇ ಬಂದ ಅತ್ತೆಯ ಮಗ ಬಾಗಿಲಲ್ಲೇ ನಿಂತ.

"ಇದೇನಮ್ಮಾ?"

"ನೆಲಕ್ಕೆ ತಲೆಸ್ನಾನ ಆಯ್ತಪ್ಪ, ಒಣಗಿಸ್ತಿದೀವಿ," ಎಂದರು ಅತ್ತೆ. ಅವತ್ತು ಮೊದಲ ಸಲ ನಕ್ಕರು.

ತೀರ ಬಳಲಿದ್ದ ಇನ್ನೊಂದು ಮರಿ ಉಳಿಯಲಿಲ್ಲ. ಅತ್ತೆ ಅದಕ್ಕಾಗಿ ಅತ್ತರು, ಮೂಗೊರೆಸಿಕೊಂಡು ಮತ್ತೆ ನೀರಿಗೆ ಔಷಧಿ ಬೆರೆಸಿದರು. ಉಳಿದವು ಮೆಲ್ಲಗೆ ಕಣ್ಣುಬಿಟ್ಟವು, ಕಾಳು ಕುಕ್ಕಿದವು. ಔಷಧಿ ಮುಗಿದ ಮೇಲೊಂದು ಮಧ್ಯಾಹ್ನ, ತೆರೆದಿದ್ದ ಬಾಗಿಲಿನಿಂದ ಇಡೀ ದಂಡು ಪಾರ್ಲರಿಗೆ ನುಗ್ಗಿತು. ತಲೆಗೆ ಬಣ್ಣ ಮೆತ್ತಿಸಿಕೊಂಡಿದ್ದ ಟೀಚರಮ್ಮ ಕುರ್ಚಿಯ ಮೇಲೆ ಕಾಲೆತ್ತಿ ಕಿರುಚಿದರು. ಒಂದು ಮರಿ ಕನ್ನಡಿಯೊಳಗಿನ ಮರಿಯೊಂದಿಗೆ ಜಗಳಕ್ಕೆ ನಿಂತಿತು. ಸೊಸೆ ಬಾಚಣಿಗೆ ಹಿಡಿದು ಹಿಂದೆ ಓಡಿದಳು.

"ಹಿಡೀರಿ ಅತ್ತೆ!"

"ಹಿಡಿಯೋದಾ? ಓಡ್ತಿದಾವೆ ನೋಡೇ, ಓಡ್ತಿದಾವೆ!" ಎನ್ನುತ್ತ ಅತ್ತೆ ನೆಲದ ಮೇಲೇ ಕೂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಒಂದು ಮರಿ ಅವರ ತಲೆಯೇರಿ ಕೂತಿತು.