ಯೋಹಾನ ಓಗೊಟ್ಟ ಸಂಜೆ

“ಯೋಹಾನಾ, ಅಕ್ಕೋರು ಬಂದಾರ, ನೀರು ತಾರೋ” ಎಂದು ಸುಂದರವ್ವ ಒಳಮನೆಯ ಕಡೆ ತಿರುಗಿ ಕೂಗಿದಾಗ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಆಕೆಯ ಒಬ್ಬನೇ ಮಗ ಯೋಹಾನ ವರ್ಷಗಳ ಹಿಂದೆಯೇ ಹೊಲದ ಬದುವಿನ ಜಗಳದಲ್ಲಿ ಕೊಡಲಿ ಏಟಿಗೆ ಸತ್ತಿದ್ದ. ಸಿಂದಗಿ ಹತ್ತಿರದ ಆ ಊರಿನ ಶಾಲೆಯಲ್ಲಿ ನಾನಾಗ ಶಿಕ್ಷಕಿ. ಅವನ ಗುಂಡಿಗೆ ನಾನೂ ಹಿಡಿ ಮಣ್ಣು ಹಾಕಿದ್ದೆ.

ವರ್ಗವಾಗಿ ಹೋಗಿದ್ದವಳು ಎಪ್ಪತ್ತರ ದಶಕದ ಕೊನೆಗೆ ಆಕೆಯನ್ನು ಕಾಣಲು ಬಂದಿದ್ದೆ. ಪಾಪ, ಮುದುಕಿಗೆ ಭ್ರಮೆ ಎಂದುಕೊಳ್ಳುವಷ್ಟರಲ್ಲಿ ಒಳಗಿನ ಕತ್ತಲಿನಿಂದ “ಬಂದೆ ಯವ್ವಾ” ಎಂಬ ಗಂಡುದನಿ ಕೇಳಿತು.

ಮೊದಲು ಕಂಡದ್ದು ಯೋಹಾನ ಯಾವಾಗಲೂ ತೊಡುತ್ತಿದ್ದ ನೀಲಿ ಪಟ್ಟೆಯ ಅಂಗಿ. ಆಮೇಲೆ ನೀರಿನ ಚರಗಿ ಹಿಡಿದ ಕೈ. ಕೊನೆಗೆ ಮುಖ. ಅದು ಯೋಹಾನನನ್ನು ಕೊಂದವನ ಮುಖ. ಪೊಲೀಸರು ಅವನನ್ನು ಎಳೆದೊಯ್ದದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಅವನು ನನ್ನೆದುರು ಚರಗಿ ಇಟ್ಟು, ತಲೆ ಎತ್ತದೆ ಒಳಗೆ ಹೋದ. ಸುಂದರವ್ವ ದೀಪ ಹಚ್ಚುತ್ತಾ ಹೇಳಿದಳು: “ಜೈಲಿನಿಂದ ಬಂದಾಗ ಅವನ ಮನ್ಯಾಗ ಯಾರೂ ಕದಾ ತಗೀಲಿಲ್ರಿ. ನಮ್ಮ ದೇವರು ತನ್ನ ಮಗನ್ನ ಕೊಂದವ್ರನ್ನೂ ಮಕ್ಕಳಽ ಅಂತ ಕರದ. ನಾನೂ ಕರದೇನಿ. ನನ್ನ ಹಂತೇಕ ಉಳಿದಿದ್ದು ಅದೊಂದ ಹೆಸರು, ಇವಗ ಕೊಟ್ಟೇನಿ.”

ಆ ನೀರು ಕುಡಿದೆನೋ ಇಲ್ಲವೋ ನೆನಪಿಲ್ಲ. ದೇವರ ಪ್ರೀತಿ ದೊಡ್ಡದು ಎಂದು ಯಾರಾದರೂ ಹಗುರವಾಗಿ ಹೇಳಿದರೆ, ಕತ್ತಲೊಳಗಿನ ಆ “ಬಂದೆ ಯವ್ವಾ” ನನಗೆ ಇಂದಿಗೂ ಕೇಳಿಸುತ್ತದೆ.