ಗುಡ್ಡದ ಮೇಲೆ ಹೇಳಿದ ‘ಬರ್ತೀನಿ’

ನನ್ನದು ಅನುಮಾನದ ಬುದ್ಧಿ. ಪೋಲಿಯೋ ಜೊತೆಗೇ ಬಂತೋ, ಹುಟ್ಟಿನಿಂದಲೇ ಇತ್ತೋ ಹೇಳಲಾರೆ. ಯಾರಾದರೂ ನಗುನಗುತ್ತಾ ನನ್ನ ವೀಲ್‌ಚೇರ್ ಹತ್ತಿರ ಬಂದರೆ ನಾನು ಮೊದಲು ನೋಡುವುದು ಅವರ ಕೈಯನ್ನು. ಮಾತು ಮುಗಿಯುವ ಮೊದಲೇ ಆ ಕೈ ಕುರ್ಚಿಯ ಹಿಡಿಗೆ ಹೋಗುತ್ತದೆ. ಆಮೇಲೆ ನಾನು ಎಲ್ಲಿಗೆ ಹೋಗಬೇಕೆಂದು ಅವರೇ ತೀರ್ಮಾನಿಸುತ್ತಾರೆ. ಕೇಳದೆ ಕುರ್ಚಿ ಮುಟ್ಟದವಳು ಸಿಡ್ನಿಯಲ್ಲಿ ಒಬ್ಬಳೇ ಇದ್ದಳು. ನನ್ನ ರೂಮ್‌ಮೇಟ್, ಮೈಸೂರಿನವಳು. ಓದಲು ಬಂದ ದಿನಗಳಿಂದ ಇಲ್ಲೇ ನೆಲೆಸಲು ಪಿಆರ್ ಸಿಕ್ಕ ಮೇಲೂ ಪ್ಯಾರಮಟ್ಟಾ ಬಡಾವಣೆಯ ಅದೇ ಬಾಡಿಗೆ ಯುನಿಟ್‌ನಲ್ಲಿ ಒಂದೇ ಕುಕ್ಕರಿನ ಅನ್ನ ತಿಂದುಕೊಂಡಿದ್ದವರು ನಾವು.

ಅಂಥವಳು ಆ ವರ್ಷ ಚಳಿಗಾಲ ಕಳೆಯುತ್ತಿದ್ದಂತೆ ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು ಫೋನಿನಲ್ಲಿ ಮಾತಾಡತೊಡಗಿದಳು. ಗಾಜಿನ ಬಾಗಿಲು. ದನಿ ಕೇಳದಿದ್ದರೂ ‘ಮೆಲ್ಬರ್ನ್’ ಎನ್ನುವಾಗ ತುಟಿ ಹೇಗೆ ಕೂಡುತ್ತದೆ ಎಂಬುದು ನನಗೆ ಬೇಗ ತಿಳಿದುಹೋಯಿತು. ಕೇಳಿದರೆ ‘ಆಫೀಸ್ ಕಾಲ್ ಕಣೇ’ ಎನ್ನುತ್ತಿದ್ದಳು. ಆಫೀಸಿನವರ ಜೊತೆ ಯಾರಾದರೂ ಉಗುರು ಕಚ್ಚಿಕೊಂಡು ಮಾತಾಡುತ್ತಾರೆಯೇ? ಇವಳು ನನ್ನನ್ನು ಬಿಟ್ಟು ಹೋಗುತ್ತಾಳೆ ಎಂಬ ಹುಳ ತಲೆಯೊಳಗೆ ಹೊಕ್ಕಿತು. ಬಾಯಿಬಿಟ್ಟು ಕೇಳಲು ಹೆದರಿಕೆ. ಹೌದು ಎಂದುಬಿಟ್ಟರೆ?

ಹೀಗಿರುವಾಗ ಒಂದು ಸಂಜೆ, ಸೊಪ್ಪು ಸೋಸುತ್ತಾ ಅವಳೇ ಮಾತು ತೆಗೆದಳು.

“ಶನಿವಾರ ಒಂದು ಫೆಸ್ಟಿವಲ್‌ಗೆ ಹೋಗೋಣ್ವಾ? ಹಳೇ ಕಾಲದ ಯೂರೋಪ್ ಥರ ಸೆಟಪ್ ಮಾಡಿರ್ತಾರಂತೆ. ರಾಜ, ರಾಣಿ, ಕತ್ತಿ ಫೈಟು ಎಲ್ಲ ಇರುತ್ತೆ.”

“ಎಲ್ಲಿ?”

“ಸಿಟಿಯಿಂದ ಆಚೆ, ಒಂದು ಫಾರ್ಮಲ್ಲಿ. ಫೋನ್ ಮಾಡಿ ಕೇಳಿದೀನಿ. ವೀಲ್‌ಚೇರ್‌ಗೆ ನೋ ವರೀಸ್ ಅಂದ್ರು. ಎಲ್ಲಾ ಫ್ಲ್ಯಾಟ್ ಅಂತೆ.”

‘ನೋ ವರೀಸ್’ ಎಂಬುದು ಈ ದೇಶದವರು ಚಿಂತೆ ಇರುವ ಕಡೆಯಲ್ಲೇ ಆಡುವ ಮಾತು. ಅದೂ ಅಲ್ಲದೆ, ಚರಿತ್ರೆಯ ಪುಸ್ತಕ ಕಂಡರೆ ಆಕಳಿಸುವ ಇವಳಿಗೆ ರಾಜ ರಾಣಿ ಯಾಕೆ? ಕಡಿಯುವ ಮೊದಲು ಕುರಿಗೆ ಹಾರ ಹಾಕುತ್ತಾರಲ್ಲ, ಹಾಗೆನಿಸಿತು. ಕೆಟ್ಟ ಸುದ್ದಿ ಹೇಳಲು ಬಯಲಿಗೆ ಕರೆದೊಯ್ಯುತ್ತಿದ್ದಾಳೆ; ಅಲ್ಲಿ ನಾನು ಅತ್ತರೂ ಕೂಗಾಡಿದರೂ ಪಕ್ಕದ ಯುನಿಟ್‌ನವರಿಗೆ ಕೇಳಿಸುವುದಿಲ್ಲ. ಬರುವುದಿಲ್ಲ ಎನ್ನಬಹುದಿತ್ತು. ಆದರೆ ಏನು ಹೇಳುತ್ತಾಳೋ ತಿಳಿಯದೆ ನಿದ್ದೆ ಬರುವಂತಿರಲಿಲ್ಲ. ಹೊರಟೆ.

ಕಾರು ನಿಂತಾಗ ಎದುರಿಗಿದ್ದದ್ದು ಗುಡ್ಡ. ಬುಡದಲ್ಲಿ ಟಿಕೆಟ್ ಡೇರೆ, ಏರಿನುದ್ದಕ್ಕೂ ಬಾವುಟಗಳು, ನೆತ್ತಿಯ ಮೇಲೆ ಬಣ್ಣ ಬಳಿದ ಹಲಗೆಯ ಕೋಟೆ.

“ಇದೇನಾ ನಿನ್ನ ಫ್ಲ್ಯಾಟು?”

“ಅಯ್ಯೋ, ಅವ್ರು ಹಂಗೇ ಅಂದ್ರು ಕಣೇ.”

ದಾರಿಯ ಕೆಸರಿನ ಮೇಲೆ ಒಣಹುಲ್ಲು ಹರಡಿದ್ದರು. ಮೇಲೆ ಥಳಕು, ಒಳಗೆ ಹುಳುಕು. ಹುಲ್ಲು ಚಕ್ರಕ್ಕೆ ಸುತ್ತಿಕೊಳ್ಳುತ್ತಿತ್ತು. ಮುಂದಿನ ಪುಟ್ಟ ಚಕ್ರಗಳು ಗುಂಡಿಗಳನ್ನು ಹುಡುಕಿಕೊಂಡು ಹೋಗಿ ಬೀಳುತ್ತಿದ್ದವು. ನೇರ ಹತ್ತಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆಂದು ಓರೆಯಾಗಿ, ಆ ಬದಿಗೊಮ್ಮೆ ಈ ಬದಿಗೊಮ್ಮೆ ಹತ್ತಿದೆ. ಅಂಗೈ ಉರಿಯುತ್ತಿತ್ತು. ನೆಲ ಗುಡಿಸುವ ಉದ್ದ ಲಂಗದ ಹೆಂಗಸರು ದಾರಿ ಬಿಡುತ್ತಾ ಬಾಗಿ ವಂದಿಸಿದರು. ಅದು ರಾಣಿಗೆ ವಂದಿಸುವ ನಾಟಕವೋ, ಕುಂಟಿಗೆ ತೋರಿಸುವ ಕನಿಕರವೋ ಗೊತ್ತಾಗದೆ ನಾನು ಯಾರಿಗೂ ನಗಲಿಲ್ಲ.

ಅರ್ಧ ಗುಡ್ಡಕ್ಕೆ ಬಂದಾಗ ಗೆಳತಿಯ ಫೋನ್ ಹೊಡೆದುಕೊಂಡಿತು. ನಂಬರ್ ನೋಡಿ ಅವಳ ಮುಖ ಬದಲಾಯಿತು. “ಇಲ್ಲೇ ಇರೇ, ಬರ್ತೀನಿ,” ಎಂದವಳೇ ಮೇಲಿನ ಡೇರೆಗಳ ಹಿಂದೆ ಮರೆಯಾದಳು.

ಬ್ರೇಕ್ ಹಾಕಿ ಕೂತೆ. ಆಗ ಮೈತುಂಬ ಕಬ್ಬಿಣ ತೊಟ್ಟವನೊಬ್ಬ ಪಾತ್ರೆ ಅಂಗಡಿಯ ಸದ್ದು ಮಾಡುತ್ತಾ ಬಂದ. ಕೆಂಪು ಮುಖದ, ನಡುವಯಸ್ಸಿನ ಬಿಳಿಯ. ನಾನು ಅವನ ಕೈ ನೋಡಿದೆ. ಎರಡೂ ಕೈ ಅವನ ಕಬ್ಬಿಣದ ಟೊಪ್ಪಿಯನ್ನು ಹಿಡಿದುಕೊಂಡು ಸುಮ್ಮನಿದ್ದವು. ಮೇಲೆ ಹೋಗಬೇಕೇ, ತಳ್ಳಲೇ ಎಂದು ಕೇಳಿದ. ಕೇಳಿದ್ದೇ ಅನುಮಾನಕ್ಕೆ ಕಾರಣವಾಯಿತು. ಇಷ್ಟು ಮರ್ಯಾದೆ ಯಾಕೆ? ಯಾರಾದರೂ ಫೋಟೋ ತೆಗೆಯುತ್ತಿದ್ದಾರೆಯೇ ಎಂದು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಮೇಲಿನಿಂದ ಡೇರೆಗಳ ಹಿಂಭಾಗ ಕಾಣುತ್ತದೆ ಎಂಬ ಆಸೆಗೆ ಒಪ್ಪಿಕೊಂಡೆ.

ನೀಲಗಿರಿ ಮರವೊಂದರ ಬಳಿ ನೆಲ ಸಮತಟ್ಟಾಯಿತು. ಅಲ್ಲಿಂದ ನೋಡಿದರೆ ಗೆಳತಿ ಡೇರೆಯ ಗೂಟದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಫೋನಿಗೆ ತಲೆಯಾಡಿಸುತ್ತಿದ್ದಳು. ಮುಂದಿನದನ್ನು ನಾನೇ ಉರುಳಿಸಿಕೊಂಡು ಹೋಗಬಹುದಿತ್ತು. ಕಬ್ಬಿಣದವನಿಗೆ, “ಥ್ಯಾಂಕ್ ಯೂ. ಐ ವಿಲ್ ಕಮ್ ದೆನ್,” ಎಂದು ಹೇಳಿ ಹೊರಟೆ.

ನನ್ನನ್ನು ಕಂಡು ಅವಳು ಬೆಚ್ಚಿ ಎದ್ದಳು. ಫೋನ್ ಇನ್ನೂ ಕೈಯಲ್ಲೇ ಇತ್ತು.

“ಮೆಲ್ಬರ್ನಾ?” ಎಂದೆ.

“ಕೆಲಸ ಸಿಕ್ತು. ಈಗ ಕನ್ಫರ್ಮ್ ಮಾಡಿದ್ರು. ಮುಂದಿನ ತಿಂಗಳು ಜಾಯಿನ್ ಆಗ್ಬೇಕು.” ಆಮೇಲೆ ಗಡಿಬಿಡಿಯಲ್ಲಿ, “ವೀಕೆಂಡ್ ಬರ್ತೀನಿ ಕಣೇ. ಒಂದು ಫ್ಲೈಟ್ ಅಷ್ಟೇ. ಬರ್ತಾನೇ ಇರ್ತೀನಿ.”

ನನಗೆ ಗೊತ್ತಿತ್ತು ಎಂಬ ಜಂಬ ಒಂದು ಕ್ಷಣವೂ ಉಳಿಯಲಿಲ್ಲ. ಅನುಮಾನ ನಿಜವಾಗಬಾರದು ಎಂದೇ ಅಷ್ಟು ದಿನ ಅನುಮಾನಪಟ್ಟಿದ್ದೆ. ಬೈಯಬೇಕೆಂದರೆ ಅವಳು ಅಳುತ್ತಿದ್ದಳು. ಅತ್ತ ಮುಖ ತಿರುಗಿಸಿದರೆ ಆ ಕಬ್ಬಿಣದವನು ಮರದ ಪಕ್ಕ, ಬಿಸಿಲಲ್ಲಿ, ಬಿಟ್ಟ ಜಾಗದಲ್ಲೇ ನಿಂತು ನಮ್ಮನ್ನೇ ನೋಡುತ್ತಿದ್ದ.

“ಯಾಕೆ ಹಂಗೆ ಗುರಾಯಿಸ್ತಿದಾನೆ?” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.

ಕೆಳಗಿನ ಅಖಾಡದಿಂದ ಕಹಳೆ ಊದಿದರು. ಯಾರೋ ಅವನತ್ತ ಕೈಬೀಸಿ ಕೂಗಿದರು. ಅವನು ತಲೆಯಲ್ಲಾಡಿಸಿದನೇ ಹೊರತು ಕದಲಲಿಲ್ಲ. ತಳ್ಳಿದ್ದಕ್ಕೆ ಏನೋ ನಿರೀಕ್ಷಿಸುತ್ತಿದ್ದಾನೆ ಎನಿಸಿತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಚಕ್ರ ತಿರುಗಿಸಿಕೊಂಡು ಅವನ ಮುಂದೆ ಹೋಗಿ ನಿಂತೆ. ನಿನಗೇನು ಬೇಕು, ಯಾಕೆ ಕಾಯುತ್ತಿದ್ದೀಯ ಎಂದು ಇಂಗ್ಲಿಷಿನಲ್ಲಿ ಜೋರಾಗಿಯೇ ಕೇಳಿದೆ.

ಅವನ ಗಲ್ಲದಿಂದ ಬೆವರು ಇಳಿಯುತ್ತಿತ್ತು. ಬರುತ್ತೇನೆ ಎಂದು ಹೇಳಿ ಹೋದದ್ದು ನೀವೇ ಅಲ್ಲವೇ, ಎಂದ. ಇಳಿಜಾರಿಗೆ ಜೊತೆ ಬೇಕಾಗುತ್ತದೆ ಎಂದುಕೊಂಡನಂತೆ. ಕಹಳೆ ಊದಿದ್ದು ಅವನ ಕತ್ತಿವರಸೆಗೆ. ಅವನ ಬದಲು ಬೇರೆಯವನನ್ನು ಇಳಿಸಿಬಿಟ್ಟಿದ್ದರು.

ಗೆಳತಿಗೆ ಮೊದಲು ಹೊಳೆಯಿತು. ಮೂಗು ಸೀಟುತ್ತಲೇ ನಕ್ಕಳು. “ಬರ್ತೀನಿ ಅಂದ್ಯೇನೇ ಅವನಿಗೆ? ಇಂಗ್ಲಿಷಲ್ಲಿ?”

ಅಂದಿದ್ದೆ. ಹೊರಡುವಾಗ ‘ಹೋಗ್ತೀನಿ’ ಎಂದರೆ ನನ್ನಜ್ಜಿ, ‘ಬಿಡ್ತು ಅನ್ನು, ಬರ್ತೀನಿ ಅನ್ನಬೇಕು’ ಎಂದು ಗದರುತ್ತಿದ್ದರು. ಆ ಬರ್ತೀನಿಯೇ ನನ್ನ ಇಂಗ್ಲಿಷಿಗೂ ಅಂಟಿಕೊಂಡಿತ್ತು. ಹೊರಡುವವರು ಹೇಳುತ್ತಾರೆ, ಉಳಿಯುವವರು ಹೂಂ ಎನ್ನುತ್ತಾರೆ, ಬಾಗಿಲು ಮುಚ್ಚುತ್ತದೆ. ಅದನ್ನು ನಂಬಿ ಬಿಸಿಲಲ್ಲಿ ನಿಲ್ಲುವವರು ಇರುತ್ತಾರೆಂದು ನನಗೆ ತಿಳಿದಿರಲಿಲ್ಲ. ನಾಚಿಕೆಯಾಯಿತು, ನಗಲಾಗಲಿಲ್ಲ.

ಕ್ಷಮೆ ಕೇಳಿದೆ. ನೋ ವರೀಸ್ ಎಂದ. ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಕೇಳಿ ಕೇಳಿ, ನಿಧಾನವಾಗಿ ಕೆಳಗಿಳಿಸಿದ. ಗುಡ್ಡ ನನ್ನ ಕಣ್ಣೆದುರೇ ದೂರವಾಗುತ್ತಾ ಹೋಯಿತು. ಬೀಳ್ಕೊಡುವಾಗ ನಾಲಿಗೆಯನ್ನು ಬಿಗಿಹಿಡಿದು ‘ಗುಡ್‌ಬೈ’ ಎಂದೆ.

ಮುಂದಿನ ತಿಂಗಳು ಬಂದೇಬಿಟ್ಟಿತು. ಕುಕ್ಕರ್ ನನಗೆ ಬಿಟ್ಟಳು, ಕಾಫಿ ಫಿಲ್ಟರ್ ಅವಳು ಕಟ್ಟಿಕೊಂಡಳು. ಕೆಳಗೆ ಟ್ಯಾಕ್ಸಿ ಬಂದಿತ್ತು. ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತು, “ಬರ್ತೀನಿ ಕಣೇ,” ಎಂದಳು.

ಹೂಂ ಎನ್ನಬೇಕಿತ್ತು. “ಯಾವಾಗ?” ಎಂದೆ.

ನಗಲು ಹೊರಟವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಸೂಟ್‌ಕೇಸ್ ಕೆಳಗಿಟ್ಟಳು. ಪ್ರತಿ ವೀಕೆಂಡ್ ಎನ್ನುತ್ತಾಳೆ, ಒಂದೇ ಫ್ಲೈಟ್ ಎನ್ನುತ್ತಾಳೆ ಎಂದು ಕಾದೆ. ಅನುಮಾನವನ್ನು ಸಿದ್ಧವಾಗಿ ಇಟ್ಟುಕೊಂಡಿದ್ದೆ.

“ಗೊತ್ತಿಲ್ಲ ಕಣೇ,” ಎಂದಳು.

ಎಷ್ಟೋ ವಾರಗಳಲ್ಲಿ ಅವಳಾಡಿದ ಮಾತುಗಳಲ್ಲಿ ನಾನು ಪೂರ್ತಿ ನಂಬಿದ್ದು ಅದೊಂದನ್ನೇ. ಕುರ್ಚಿಯನ್ನು ಹೊಸ್ತಿಲ ತನಕ ಉರುಳಿಸಿಕೊಂಡು ಹೋಗಿ ಅವಳ ಕೈ ಹಿಡಿದುಕೊಂಡೆ.

“ಸರಿ, ಹೋಗಿ ಬಾ,” ಎಂದೆ.