ಒದರುವ ಸೈಲೆನ್ಸರ್

ಮೊನ್ನೆ ಬೆಳಗಾವಿಯ ಶಹಾಪುರದ ಓಣಿಯೊಂದರಲ್ಲಿ ನಡೆದು ಹೋಗುವಾಗ ಗ್ಯಾರೇಜಿನಿಂದ ಸುಟ್ಟ ಆಯಿಲಿನ ವಾಸನೆ ಬಂತು. ಕಾದ ತಗಡು, ವೆಲ್ಡಿಂಗ್ ಹೊಗೆ, ಜೊತೆಗೆ ಆ ಜಿಡ್ಡು ವಾಸನೆ. ಉಳಿದವರು ಮೂಗಿಗೆ ಕರವಸ್ತ್ರ ಹಿಡಿದು ದಾಟುತ್ತಿದ್ದರು. ನಾನು ಮಾತ್ರ ಗೋಡೆ ಹಿಡಿದು ನಿಲ್ಲಬೇಕಾಯಿತು. ಒಂದು ಮೋಟಾರ್‌ಸೈಕಲ್ಲಿನ ಸೈಲೆನ್ಸರಿಗಾಗಿ ತಿಂಗಳುಗಟ್ಟಲೆ ಹೆದರಿ ಬದುಕಿದವಳು ನಾನು ಎಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ ಆಮೇಲೆ ನಗಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟು ಅಂಜುಬುರುಕಿ. ಪೋಸ್ಟ್‌ಮನ್ ಬಾಗಿಲಿಗೆ ಬಂದರೆ ಯಾರೋ ಹೋಗಿಬಿಟ್ಟರೆಂದೇ ತಿಳಿದು ಅಳಲು ತಯಾರಾಗಿ ಹೋಗುತ್ತಿದ್ದೆ; ಅವನು ಕೊಡುತ್ತಿದ್ದದ್ದು ತಂಗಿಯ ಮಗನ ತೊಟ್ಟಿಲ ಕಾರ್ಡು. ಇಂಥವಳನ್ನು ಕಟ್ಟಿಕೊಂಡವರು ಖಾನಾಪುರ ತಾಲ್ಲೂಕಿನಲ್ಲಿ ಆರೋಗ್ಯ ನಿರೀಕ್ಷಕರಾಗಿದ್ದರು. ಹಲಸಿಯ ಆಚೆ, ಲೋಂಡಾದ ಕಡೆ, ಕಾಡಿನೊಳಗಿನ ವಾಡೆಗಳಿಗೆಲ್ಲ, ಆ ಸಣ್ಣ ಸಣ್ಣ ಹಳ್ಳಿಗಳಿಗೆ, ಅವರೇ ಹೋಗಬೇಕು. ಅವರಿಗೆ ಒಂದು ಹಳೆಯ ಮೋಟಾರ್‌ಸೈಕಲ್ ಇತ್ತು. ಬೆಳಗಾವಿ ಕ್ಯಾಂಪಿನಲ್ಲಿ ನಿವೃತ್ತ ಸೈನಿಕರೊಬ್ಬರಿಂದ ಕೊಂಡದ್ದು. ಆ ಮಾದರಿಯ ಗಾಡಿ ತಯಾರಾಗುವುದು ನಿಂತೇ ಬಹಳ ಕಾಲವಾಗಿತ್ತು. ನಾನು ಒಮ್ಮೆಯೂ ಅದರ ಹಿಂದೆ ಕೂತವಳಲ್ಲ. ಬೆಳಗಾವಿಗೆ ಹೋಗುವುದಾದರೆ ಅವರು ಗಾಡಿಯ ಮೇಲೆ, ನಾನು ಬಸ್ಸಿನಲ್ಲಿ.

ತುರ್ತು ಪರಿಸ್ಥಿತಿಯ ಕಾಲವದು. ಕುಟುಂಬ ಯೋಜನೆಯ ಆಪರೇಷನ್ನಿಗೆ ತಿಂಗಳಿಗೆ ಇಂತಿಷ್ಟು ಗಂಡಸರನ್ನು ಕರೆತರಲೇಬೇಕೆಂದು ಮೇಲಿನಿಂದ ಒತ್ತಾಯ. ತಮ್ಮ ಮನಸ್ಸಿನಿಂದ ಬರುವವರು ಬಂದು ಮುಗಿದಿದ್ದರು. ಉಳಿದವರು ಜೀಪು ಕಂಡರೆ ಗುಡ್ಡ ಹತ್ತುತ್ತಿದ್ದರು. ಇವರು ಸಂಜೆ ಮನೆಗೆ ಬಂದರೆ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಭಾಕ್ರಿ ಆರಿ ಕಟ್ಟಿಗೆಯಾದರೂ ಮುರಿಯುತ್ತಿರಲಿಲ್ಲ.

ಅದೇ ಹೊತ್ತಿಗೆ ಸೈಲೆನ್ಸರ್ ಕೈಕೊಟ್ಟಿತು. ಖಾನಾಪುರದ ಮಳೆ ಅದನ್ನು ಎಂದೋ ತಿಂದಿತ್ತು. ತಗಡು ಸುತ್ತಿ, ತಂತಿ ಬಿಗಿದು ನಡೆಸುತ್ತಿದ್ದರು. ಒಂದು ದಿನ ಅರ್ಧ ತುಂಡು ಆಫೀಸಿನ ಎದುರಿಗೇ ಕಳಚಿ ಬಿತ್ತು. ಸಾಹೇಬರು, ಅಂದರೆ ಇವರ ಮೇಲಧಿಕಾರಿ, ಹೊರಗೆ ಬಂದು ಹೇಳಿದರಂತೆ: “ಮೊದಲ ಇದನ್ನ ಬದಲಿ ಮಾಡ್ರಿ. ಸಪ್ಪಳನ ಇರದಂಥಾದ್ದು ಹಾಕ್ರಿ. ನೀವು ಊರಾಗ ಕಾಲಿಡೂತನಕ ಮಂದೀಗೆ ಸುಳಿವು ಹತ್ತಬಾರದು.”

ಆ ರವಿವಾರ ನಾವು ಬೆಳಗಾವಿಗೆ ಹೋದೆವು. ನಾನು ಬಸ್ಸಿಳಿದು ಅಂಗಡಿಗೆ ಮುಟ್ಟುವಷ್ಟರಲ್ಲಿ ಅವರು ಮೂರು ಸೈಲೆನ್ಸರುಗಳನ್ನು ಮುಂದಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದರು. ಕಂಪನಿಯದು ಎಲ್ಲೂ ಇರಲಿಲ್ಲ. ಮೂರೂ ಬೆಳಗಾವಿಯದೇ ಉದ್ಯಮಬಾಗದ ಕಾರ್ಖಾನೆಗಳಲ್ಲಿ ತಯಾರಾದವು. ಒಂದು ಸಿಗಾರಿನಂತೆ ಉದ್ದ, ಒಂದು ಗಿಡ್ಡ, ಮೂರನೆಯದು ಒಳಗೆ ಏನೂ ಇಲ್ಲದ ಬರೀ ಕೊಳವೆ.

ಅಂಗಡಿಯವರು ಉದ್ದನೆಯದನ್ನು ತಟ್ಟಿ, “ಇದರಾಗ ಜಾಳಿಗಿ ಐತ್ರಿ. ಭಾಳ ಮೆತ್ತಗ ಮಾತಾಡ್ತೈತಿ. ನಿಮ್ಮಂಥಾ ನೌಕರದಾರರು ಇದನ್ನ ಒಯ್ಯೋದು” ಎಂದರು.

“ಆ ಕೊಳವಿ?”

“ಅದು ಬ್ಯಾಡ್ರಿ. ಅದು ಒದರ್ತೈತಿ. ದಿಬ್ಬಾ ಹತ್ತೂಮುಂದ ಗಾಡಿ ಸೊರಗತೈತಿ, ಪೆಟ್ರೋಲ್ ಜಾಸ್ತಿ ಕುಡಿತೈತಿ.”

“ಎಷ್ಟು ದೂರ ಕೇಳಸ್ತೈತಿ?”

ಅಂಗಡಿಯವರು ನಕ್ಕರು. “ಇಲ್ಲಿ ಚಾಲೂ ಮಾಡಿದ್ರ ಕಾಕತಿಯೊಳಗ ಮಲಗಿದ ಕೂಸು ಏಳತೈತ್ರಿ.”

“ಅದನ್ನ ಹಾಕ್ರಿ” ಎಂದರು ನಮ್ಮವರು.

ನಲವತ್ತರ ಹತ್ತಿರ ಬಂದ ಗಂಡಸಿಗೆ ಇದೇನು ಕಾಲೇಜು ಹುಡುಗರ ಶೋಕಿ ಎಂದು ನಾನು ಗಾಬರಿಯಾದೆ. ಸಂಜೆ ಮನೆಗೆ ಬಂದ ಮೇಲೆ, “ಸಾಹೇಬರು ಹೇಳಿದ್ದೇನು, ನೀವು ತಂದಿದ್ದೇನು? ತಲಿ ಕೆಟ್ಟೈತೇನ್ರೀ?” ಎಂದೆ.

ಅವರು ಕೈಯ ಮಸಿ ತೊಳೆಯುತ್ತಲೇ ಉತ್ತರ ಕೊಟ್ಟರು. “ನಾ ಬರೂದು ಊರಿಗೆಲ್ಲಾ ಮೊದಲ ತಿಳೀಬೇಕು. ಆಪರೇಷನ್ ಬೇಕಂದಾವ ಮನಿಯಾಗ ಕುಂದರ್ತಾನ. ಬ್ಯಾಡಂದಾವ ಗುಡ್ಡಾ ಹತ್ತತಾನ. ಕಳ್ಳರಂಗ ಹೋಗಿ ಮನಷ್ಯಾರನ್ನ ಹಿಡಕೊಂಡ ಬರಾಕ ನನ್ನ ಕೈಲೆ ಆಗೂದಿಲ್ಲ.”

ಅಲ್ಲಿಯವರೆಗೆ ನನ್ನ ಅಂಜಿಕೆಗಳಿಗೆ ಕಾರಣವೇ ಇರುತ್ತಿರಲಿಲ್ಲ. ಅಂದಿನಿಂದ ಇತ್ತು. ಬೆಳಿಗ್ಗೆ ಅವರು ಕಿಕ್ ಹೊಡೆದರೆ ಓಣಿಯ ಕಿಟಕಿಗಳೆಲ್ಲ ಅದುರುತ್ತಿದ್ದವು. ಆ ಸದ್ದು ಮಲಪ್ರಭೆಯ ಸೇತುವೆ ದಾಟಿ ಕರಗುವವರೆಗೂ ನಾನು ಹೊಸ್ತಿಲಲ್ಲಿ ನಿಂತಿರುತ್ತಿದ್ದೆ. ಯಾರು ಕೇಳಿಸಿಕೊಂಡರೋ, ಯಾರು ಚಾಡಿ ಹೇಳುತ್ತಾರೋ, ಅಮಾನತು ಮಾಡುತ್ತಾರೋ, ಜೈಲಿಗೇ ಹಾಕುತ್ತಾರೋ. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಂತೆ, ಅತ್ತಿಗೆ ಮುಖ ಗಂಟಿಕ್ಕಿದಂತೆ, ಎಲ್ಲವನ್ನೂ ಅಕ್ಕಿ ಆರಿಸುತ್ತ ಕೂತಲ್ಲೇ ಕಂಡುಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಜೀಪು ನಮ್ಮ ಮನೆಯೆದುರು ಬಂದು ನಿಂತೇಬಿಟ್ಟಿತು. ಸಾಹೇಬರು ಪಡಸಾಲೆಯಲ್ಲಿ ಕೂತು ಇವರ ದಾರಿ ಕಾಯತೊಡಗಿದರು. ನಾನು ಒಳಗೆ ಚಹಾಕ್ಕೆ ಇಟ್ಟು, ದೇವರೇ ಇವತ್ತು ಗಾಡಿ ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಅದು ಕೆಡಲಿಲ್ಲ. ಸೇತುವೆಯಿಂದಲೇ ಒದರುತ್ತ ಬಂತು. ಸಾಹೇಬರು ಎದ್ದು ಬಾಗಿಲಿಗೆ ಹೋದರು.

“ಏನ್ರೀ ಇದು? ಸಪ್ಪಳ ಇಲ್ಲದ್ದು ಹಾಕ್ರಿ ಅಂದ್ರ ತೋಪು ಕಟಗೊಂಡ ಅಡ್ಡಾಡಾಕತ್ತೀರಿ? ಅದಕ್ಕ ನಿಮ್ಮ ಊರಾಗ ಮಂದಿ ಸಿಗವೊಲ್ಲರು! ಬೇಕಂತ ಮಾಡೀರೇನು?”

ನಮ್ಮವರಿಗೆ ಸುಳ್ಳು ಹೇಳಲು ಬಾರದು. ಅವರು ಹೌದೆನ್ನಲು ಬಾಯಿ ತೆರೆದದ್ದು ನನಗೆ ಕಾಣಿಸಿತು. ಚಹಾದ ತಾಟು ಹಿಡಿದು ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ.

“ಅವರನ್ನ ಬೈಬ್ಯಾಡ್ರಿ ಸಾಹೇಬರ, ನಾನಽ ಹಟಾ ಹಿಡದ ಹಾಕಿಸೇನ್ರಿ. ಕಾಡಿನ ದಾರಿ. ಕರಡಿ ಅದಾವಂತ. ಸಪ್ಪಳಾ ಕೇಳಿದ್ರ ದೂರ ಹೊಕ್ಕಾವಂತ ಹೇಳಿದ್ರು. ನನಗ ಅಂಜಿಕಿ ಭಾಳ್ರಿ.”

ಕಪ್ಪುಗಳು ಬಸಿಯ ಮೇಲೆ ಕಟಕಟ ಬಡಿಯುತ್ತಿದ್ದವು. ಅರ್ಧ ಚಹಾ ತಾಟಿನಲ್ಲೇ ಚೆಲ್ಲಿತ್ತು. ಸಾಹೇಬರು ನನ್ನ ಕೈ ನೋಡಿದರು, ಮುಖ ನೋಡಿದರು. ಅಂಥ ನಡುಕವನ್ನು ಯಾರೂ ನಟಿಸಲಾರರು. ಅವರಿಗೆ ನಗು ಬಂತು. “ಹೆಣ್ಣಮಕ್ಕಳ ಅಂಜಿಕಿ ಕೇಳಿ ಸರಕಾರಿ ಕೆಲಸಾ ನಡಸ್ತೀರೇನ್ರಿ? ಲಗೂನ ಬದಲಿ ಮಾಡ್ರಿ” ಎಂದು ಉಳಿದ ಚಹಾ ಕುಡಿದು ಹೋದರು.

ಜೀಪು ತಿರುಗಿದ ಮೇಲೆ ನಾನು ಚೆಲ್ಲಿದ ಚಹಾ ಒರೆಸತೊಡಗಿದೆ. “ಕರಡಿ ಎಲ್ಲಿಂದ ಬಂತು?” ಎಂದು ಇವರು ಕೇಳಿದಾಗ ನಾನು ಅತ್ತುಬಿಟ್ಟೆ.

ಸೈಲೆನ್ಸರ್ ಬದಲಾಗಲಿಲ್ಲ. ಅಂಗಡಿಯಲ್ಲಿ ಮಾಲು ಬಂದಿಲ್ಲ ಎನ್ನುತ್ತ ದಿನ ತಳ್ಳಿದರು. ದೂರದ ಜಿಲ್ಲೆಗೆಲ್ಲೋ ವರ್ಗ ಮಾಡಿಸುವ ಬೆದರಿಕೆ ಬಂತು. ಅಷ್ಟರಲ್ಲಿ ಚುನಾವಣೆ ಬಂದು, ಸರಕಾರ ಬದಲಾಗಿ, ಒತ್ತಾಯವೇ ನಿಂತುಹೋಯಿತು. ಇನ್ನು ನಿದ್ದೆ ಮಾಡಬಹುದು ಎಂದುಕೊಂಡೆ.

ಮಳೆಗಾಲದ ಮೊದಲಿಗೆ ಹಲಸಿಯ ಆಚೆಯ ಒಂದು ವಾಡೆಯಲ್ಲಿ ವಾಂತಿಭೇದಿ ಶುರುವಾಯಿತು. ಇವರು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ಕಾಲರಾ ಲಸಿಕೆ ಇಟ್ಟುಕೊಂಡು ಹೋದರು. ಸಂಜೆ ಹಾಗೆಯೇ ತಿರುಗಿ ಬಂದರು. ಮುಖ ಸತ್ತುಹೋಗಿತ್ತು.

“ಮುದುಕಿ ಒಬ್ಬಾಕಿನ್ನ ಬಿಟ್ರ ಒಬ್ಬರೂ ಇಲ್ಲ. ಗಾಡಿ ಸಪ್ಪಳಾ ಕೇಳಿ ಕೂಸು-ಕುನ್ನಿ ಕಟಗೊಂಡ ಗುಡ್ಡಾ ಹತ್ಯಾರ. ಓಡೂದು ನಾನಽ ಕಲಿಸೇನಿ. ಈಗ ಮೆತ್ತಗಿನ ಸೈಲೆನ್ಸರ್ ಹಾಕಿ ಕಳ್ಳರಂಗ ಹೋಗಲ್ಯಾ?”

ಎರಡು ಮಕ್ಕಳ ಸ್ಥಿತಿ ಗಂಭೀರವಾಗಿದೆಯೆಂದು ಆ ಮುದುಕಿ ಹೇಳಿದಳಂತೆ. ಆಮೇಲೆ ನನ್ನ ಬಾಯಿಂದ ಬಂದ ಮಾತಿಗೆ ನಾನೇ ಬೆಚ್ಚಿದೆ. “ನಾನೂ ಬರ್ತೇನಿ. ಹೇಂತೀನ ಕರಕೊಂಡ ಯಾರರೆ ಮನಷ್ಯಾರನ್ನ ಹಿಡಿಯಾಕ ಹೊಕ್ಕಾರೇನು?”

ಬೆಳಿಗ್ಗೆ ಮಕ್ಕಳನ್ನು ಬಾಜು ಮನೆಯಲ್ಲಿ ಬಿಟ್ಟು ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಕಣ್ಣು ಮುಚ್ಚಿದ್ದೆ. ಅವರ ಅಂಗಿಯನ್ನು ಹಿಡಿದ ಹಿಡಿತಕ್ಕೆ ಹೊಲಿಗೆ ಬಿಚ್ಚಿತು. ದಿಬ್ಬದಲ್ಲಿ ಗಾಡಿ ಸೊರಗಿ ಸೊರಗಿ ಒದರಿತು. ಇಳಿಜಾರಿನಲ್ಲಿ ಪಟಾಕಿಯಂತೆ ಸಿಡಿಯಿತು. ವಾಡೆ ಮುಟ್ಟಿದಾಗ ಬಾಗಿಲುಗಳೆಲ್ಲ ತೆರೆದಿದ್ದವು, ಮನುಷ್ಯರಿರಲಿಲ್ಲ. ನಡೆಯಲಾಗದ ಆ ಮುದುಕಿ ಮಾತ್ರ ಕಟ್ಟೆಯ ಮೇಲಿದ್ದಳು.

“ಡಾಕ್ಟರ ಸಾಹೇಬಾ, ಹಿಂದ ಇಕಿ ಯಾರು?”

“ನಮ್ಮ ಮನಿಯಾಕಿ, ಆಯಿ.”

ಮುದುಕಿ ನನ್ನ ಕೆದರಿದ ತಲೆ, ನಡುಗುವ ಕಾಲು ನೋಡಿದಳು. ಕೆಳಗೆ ಬಿದ್ದುಬಿಡುತ್ತೇನೆಂದು ತಿಳಿದಳೋ ಏನೋ, ಪಕ್ಕದಲ್ಲಿ ಕೂರಿಸಿಕೊಂಡು ನೀರು ಕೊಟ್ಟಳು. ಮರಗಳ ಸಂದಿನಿಂದ ಹೆಂಗಸರು ಇಣುಕುತ್ತಿದ್ದರು. ಇವರು ಎಲ್ಲರಿಗೂ ಕಾಣುವಂತೆ ಅಂಗಳದ ನಡುವೆ ಬಂದು, ಸೂಜಿ ತುಂಬಿ, ಮೊದಲು ನನ್ನ ತೋಳಿಗೇ ಚುಚ್ಚಿದರು. ನಾನು ಚೀರಿದೆ. ಅಳತೆ ಮೀರಿ ಚೀರಿದೆ. ಗುಡ್ಡದ ಮೇಲೆ ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಇನ್ನೊಬ್ಬರು. ಮುದುಕಿ ಬೊಚ್ಚುಬಾಯಿ ತೆರೆದು ನಗುತ್ತ ಮರಾಠಿಯಲ್ಲಿ ಕೂಗಿದಳು: “ಇಳಿದು ಬರ್ರೋ! ಇವರು ನಮಗಿಂತ ಹೆಚ್ಚು ಅಂಜಿದ ಮಂದಿ!”

ಮೊದಲು ಹೆಂಗಸರು ಇಳಿದರು, ಹಿಂದಿನಿಂದ ಗಂಡಸರು. ಸಂಜೆಯೊಳಗೆ ಪೆಟ್ಟಿಗೆ ಖಾಲಿಯಾಯಿತು. ಆ ಎರಡು ಮಕ್ಕಳನ್ನು ಚಕ್ಕಡಿಯಲ್ಲಿ ದವಾಖಾನೆಗೆ ಕಳಿಸಿದೆವು, ಎರಡೂ ಉಳಿದವು.

ನಾನು ಈಗಲೂ ಅಂಜುತ್ತೇನೆ. ಫೋನ್ ಬಡಿದರೆ, ಡಾಕ್ಟರು ಹುಬ್ಬು ಮೇಲೆತ್ತಿದರೆ, ಮೊಮ್ಮಗಳು ಹತ್ತು ನಿಮಿಷ ತಡವಾಗಿ ಬಂದರೆ. ಆದರೆ ಸಾಹೇಬರೆದುರಿಗೂ ಆ ವಾಡೆಯಲ್ಲೂ ಕೆಲಸಕ್ಕೆ ಬಂದದ್ದು ಆ ಅಂಜಿಕೆಯೇ; ಅಂದಿನಿಂದ ಅದನ್ನು ಮುಚ್ಚಿಡುವುದನ್ನು ಬಿಟ್ಟಿದ್ದೇನೆ.